ಏಳನೇ ಗೂಟದ ತೇಲುವ ಹೊಲ

ಇವರಿಗೆ:
ನಮ್ಮೆಲ್ಲರ ನೆತ್ತಿಯ ಮೇಲೆ ಬಿಡುವಿಲ್ಲದೆ ಸುತ್ತುತ್ತ, ಕೃಷಿ ಮತ್ತು ಮೀನುಗಾರಿಕೆ ಸಹಾಯಧನ ಕಚೇರಿಯ ಪರವಾಗಿ ನಮ್ಮನ್ನು ನೋಡಿಕೊಳ್ಳುತ್ತಿರುವ ಉಪಗ್ರಹದವರಿಗೆ

ವಿಷಯ: ದೋಣಿಯನ್ನು ದೋಣಿಯೆಂದೇ ಕಾಣಬೇಕೆಂಬ ಬಗ್ಗೆ

ಮಾನ್ಯರೇ,

ಮೊದಲಿಗೆ ತಲೆ ಎತ್ತಿ ಒಂದು ನಮಸ್ಕಾರ. ಅಧಿಕಾರಿಗಳಿಗೆ ತಲೆ ತಗ್ಗಿಸಿ ನಮಸ್ಕರಿಸುವುದು ನಮ್ಮಲ್ಲಿ ರೂಢಿ. ಎಪ್ಪತ್ತನಾಲ್ಕು ವರ್ಷದಲ್ಲಿ ತಲೆ ಎತ್ತಿ ನಮಸ್ಕರಿಸಬೇಕಾದ ಅಧಿಕಾರಿ ಸಿಕ್ಕಿದ್ದು ಇದೇ ಮೊದಲಾದ್ದರಿಂದ ಕತ್ತು ಸ್ವಲ್ಪ ಉಳುಕಿದೆ, ಗೌರವ ಉಳುಕಿಲ್ಲ. ತಾವು ಕ್ಷೇಮವೆಂದು ನಂಬಿದ್ದೇನೆ. ತಾವಿರುವ ಕಡೆ ನೆರೆಯೂ ಇಲ್ಲ, ಹೊರೆಯೂ ಇಲ್ಲ, ನೆರೆಹೊರೆಯವರಂತೂ ಇಲ್ಲವೇ ಇಲ್ಲ. ಇಷ್ಟಾದ ಮೇಲೂ ಕ್ಷೇಮವಾಗಿಲ್ಲವೆಂದರೆ ಅದು ತಮ್ಮ ತಪ್ಪೇ. ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣವೂ ಸರಳ: ಲಕೋಟೆಯೊಳಗಿಟ್ಟು ಅಂಟಿಸಿದರೆ ತಾವು ಮೇಲಿನಿಂದ ಓದುವುದು ಹೇಗೆ?

ಗ್ರಹಗಳು ಮನುಷ್ಯನ ಬದುಕನ್ನು ಬುಗುರಿಯಂತೆ ತಿರುಗಿಸುತ್ತವೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಾಗ ನಾನು ಮುಸಿಮುಸಿ ನಗುತ್ತಿದ್ದೆ. ಗ್ರಹಗಳ ವಿಷಯ ಈಗಲೂ ನನಗೆ ಗೊತ್ತಿಲ್ಲ. ಉಪಗ್ರಹದ ವಿಷಯದಲ್ಲಿ ಅಜ್ಜಿಯ ಮಾತು ಅಕ್ಷರಶಃ ನಿಜವಾಯಿತು. ತಮ್ಮ ಅನುಗ್ರಹವಾದವರಿಗೆ ಸಹಾಯಧನ, ತಮ್ಮ ಆಗ್ರಹವಾದವರಿಗೆ ನೋಟಿಸು. ಇಬ್ಬರ ಮಧ್ಯೆ ನಿಂತು ಬಾಯಿ ಬಿಡುವವರಿಗೆ ಗ್ರಹಚಾರ. ನಾನು ಮೂರನೆಯ ವರ್ಗದವನು.

ನನ್ನ ಪರಿಚಯ ತಮಗೆ ನೆತ್ತಿಯ ಕಡೆಯಿಂದ ಮಾತ್ರ ಇರಬಹುದಾದ್ದರಿಂದ ಉಳಿದದ್ದನ್ನು ತಿಳಿಸುತ್ತೇನೆ. ಹೊಳೆಯ ದಡದಲ್ಲಿ ನನ್ನನ್ನು ಎಲ್ಲರೂ ತರಲೆ ತಾತ ಎನ್ನುತ್ತಾರೆ. ನಾನು ಹುಟ್ಟು ಮೀನುಗಾರ, ಅಂದರೆ ಹುಟ್ಟಿದಾಗಿನಿಂದ ಕೈಯಲ್ಲಿ ಹುಟ್ಟು ಹಿಡಿದವನು. ಇಪ್ಪತ್ತೆರಡು ಅಡಿ ಉದ್ದ, ಆರು ಅಡಿ ಅಗಲದ ಮರದ ದೋಣಿಯೊಂದಿದೆ. ನಮ್ಮ ದಡದಲ್ಲಿ ದೋಣಿ ಕಟ್ಟಲು ಇರುವುದು ಹನ್ನೊಂದೇ ಗೂಟ. ಪ್ರತಿ ಗೂಟಕ್ಕೂ ಒಂದು ನಂಬರು, ಗೂಟವಿದ್ದವನಿಗೆ ಮಾತ್ರ ಹೊಳೆಯಲ್ಲಿ ಬಲೆ ಹಾಕುವ ಪರವಾನಗಿ. ಗೂಟದ ಕಾರಿನಲ್ಲಿ ಓಡಾಡುವವರಿಗೆ ನಮ್ಮ ಗೂಟದ ಬೆಲೆ ತಿಳಿಯದು, ಆದರೆ ಇಲ್ಲಿ ಒಂದು ಗೂಟ ಖಾಲಿಯಾಯಿತೆಂದರೆ ಪಟ್ಟಿಯಲ್ಲಿ ಕಾದು ಕೂತ ನಲವತ್ತು ಮಂದಿಯಲ್ಲಿ ಮೊದಲನೆಯವನು ಅಂದೇ ಹಗ್ಗ ತಂದು ಬಿಗಿಯುತ್ತಾನೆ. ನಮ್ಮದು ಏಳನೆಯ ಗೂಟ.

ನಾಲ್ಕು ವರ್ಷದಿಂದ ನನ್ನ ಮಂಡಿಗಳು ದೋಣಿ ಹತ್ತಲು ಒಪ್ಪುತ್ತಿಲ್ಲ. ಮೊದಲು ಎಡಮಂಡಿ ಮುಷ್ಕರ ಹೂಡಿತು, ಬಲಮಂಡಿ ಸಹಾನುಭೂತಿಯಿಂದ ಸೇರಿಕೊಂಡಿತು. ದೋಣಿ ನಡೆಸುವವಳು ನನ್ನ ಮಗಳು. ಒಂಬತ್ತು ವರ್ಷದಿಂದ ನಡೆಸುತ್ತಿದ್ದಾಳೆ. ಮೊದಲ ಐದು ವರ್ಷ ನಾನು ಜೊತೆಗೆ ಕೂತು ಅಡ್ಡಿ ಮಾಡುತ್ತಿದ್ದೆ, ಈಗ ಒಬ್ಬಳೇ. ಅವಳ ಹೆಸರಿಗೆ ಗೂಟ ಬರೆಸಬೇಕೆಂದು ಈ ವರ್ಷ ಅರ್ಜಿ ಹಾಕಿದೆವು. ಮೀನುಗಾರಿಕೆ ಮತ್ತೆ ಶುರುವಾಗುವ ದಿನ ಆ ದೋಣಿ ಕಚೇರಿಯ ದಾಖಲೆಯಲ್ಲಿ ದೋಣಿಯಾಗಿ ಇರಬೇಕು, ಆಗ ಗೂಟ ಅವಳದಾಗುತ್ತದೆ ಎಂದು ಹೇಳಿದರು. ದೋಣಿ ದೋಣಿಯಾಗಿರದೆ ಇನ್ನೇನಾದೀತು ಎಂದು ನಾನು ನಕ್ಕೆ. ತಾವು ಆಗ ಮೇಲೆ ನಗುತ್ತಿದ್ದಿರೋ ಏನೋ.

ಇನ್ನು ನಮ್ಮ ಕಸುಬಿನ ರೀತಿಯನ್ನು ತಿಳಿಸಬೇಕು. ವರ್ಷದಲ್ಲಿ ಎರಡು ತಿಂಗಳು ಹೊಳೆಯಲ್ಲಿ ಮೀನು ಮೊಟ್ಟೆಯಿಡುವ ಕಾಲ. ಆಗ ಬಲೆ ಹಾಕುವಂತಿಲ್ಲ, ದೋಣಿಗಳೆಲ್ಲ ಗೂಟಕ್ಕೆ ಕಟ್ಟಿರಬೇಕು. ಹಾಗೆ ಸುಮ್ಮನೆ ಕೂತಿದ್ದಕ್ಕೆ ದೋಣಿಗೆ ಇಷ್ಟೆಂದು ಸರ್ಕಾರ ಸಹಾಯಧನ ಕೊಡುತ್ತದೆ. ಸುಮ್ಮನೆ ಕೂರುವುದಕ್ಕೆ ಹಣ ಕೊಡುವ ಪದ್ಧತಿ ಕಚೇರಿಯ ಒಳಗೆ ಮಾತ್ರವಲ್ಲ, ಹೊರಗೂ ಇದೆ ಎಂಬುದು ನಮಗೆ ಹೆಮ್ಮೆ. ಅದೇ ಎರಡು ತಿಂಗಳು ಹೊಳೆ ಉಕ್ಕಿ ದಡದ ಹೊಲಗಳಿಗೆ ನುಗ್ಗುವ ಕಾಲವೂ ಹೌದು. ನೆಲದ ಮೇಲೆ ಸಸಿಮಡಿ ಮಾಡಿದರೆ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಅದಕ್ಕೇ ನಮ್ಮ ಹಿಂದಿನವರು ಖಾಲಿ ನಿಂತ ದೋಣಿಗೆ ಗೋಣಿ ಹಾಸಿ, ಮೇಲೆ ಮೆಕ್ಕಲು ಮಣ್ಣು ತುಂಬಿ, ಕೋಸು, ಬದನೆ, ಮೆಣಸಿನ ಬೀಜ ಬಿತ್ತಿ ಸಸಿ ಎಬ್ಬಿಸುತ್ತಿದ್ದರು. ನೀರು ಏರಿದರೆ ದೋಣಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಸಸಿಗಳಿಗೆ ನೆರೆ ಬಂದದ್ದೇ ತಿಳಿಯುವುದಿಲ್ಲ. ನೀರು ಇಳಿದ ಮೇಲೆ ದಡದ ರೈತರು ಬಂದು ಸಸಿ ಒಯ್ದು ಹೊಲಕ್ಕೆ ನೆಡುತ್ತಾರೆ, ವರ್ಷಪೂರ್ತಿ ನಮಗೆ ತರಕಾರಿ ಕೊಡುತ್ತಾರೆ, ನಾವು ದೋಣಿ ತೊಳೆದು ಮೀನಿಗೆ ಹೊರಡುತ್ತೇವೆ. ಉಳಿದ ಹತ್ತು ದೋಣಿಯವರು ಈಗ ಇದನ್ನೆಲ್ಲ ಬಿಟ್ಟಿದ್ದಾರೆ. ನನ್ನ ಮನೆಯಾಕೆ ಬಿಟ್ಟಿಲ್ಲ. ನಲವತ್ತಾರು ವರ್ಷದಿಂದ ನನ್ನನ್ನೇ ಬಿಡದವಳು ದೋಣಿಯ ಸಸಿಯನ್ನು ಬಿಡುತ್ತಾಳೆಯೇ? ಆರು ಮನೆಯ ರೈತರು ಇವತ್ತಿಗೂ ಅವಳ ಸಸಿಗೇ ಕಾಯುತ್ತಾರೆ.

ಈ ಎಲ್ಲವನ್ನೂ ಮೊದಲು ಸೈಕಲ್ ಸಾಹೇಬರು ನೋಡಿಕೊಳ್ಳುತ್ತಿದ್ದರು. ಬಿಡುವಿನ ಕಾಲದಲ್ಲಿ ಒಂದು ಬೆಳಿಗ್ಗೆ ಸೈಕಲ್ ತುಳಿದುಕೊಂಡು ಬರುವರು, ಪ್ರತಿ ದೋಣಿಗೂ ಕಾಲಿನಿಂದ ಎರಡು ಒದೆ ಕೊಡುವರು, ಖಾಲಿ ದೋಣಿ "ಡುಂ" ಅನ್ನುವುದು, ಮಣ್ಣು ತುಂಬಿದ ನಮ್ಮ ದೋಣಿ "ದಬ್" ಅನ್ನುವುದು. "ಏನಜ್ಜಾ, ಈ ಸಲ ಬದನೆನಾ ಕೋಸಾ?" ಎಂದು ಕೇಳಿ, ಪುಸ್ತಕದಲ್ಲಿ ದೋಣಿ ಎಂದು ಬರೆದುಕೊಂಡು, ಚಹಾ ಕುಡಿದು ಹೋಗುವರು. ಇಂಥ ಹಳೆಯ ಕಾಲದ ಪದ್ಧತಿಯಲ್ಲಿ ಎಷ್ಟೊಂದು ಚಹಾ ವ್ಯರ್ಥವಾಗುತ್ತಿತ್ತು ಎಂಬುದನ್ನು ಮನಗಂಡ ಇಲಾಖೆ, ಈ ವರ್ಷ ಸೈಕಲ್ ಸಾಹೇಬರನ್ನು ಮನೆಗೆ ಕಳಿಸಿ ತಮ್ಮನ್ನು ಮೇಲಕ್ಕೆ ಕಳಿಸಿತು. ತಾವು ಹನ್ನೆರಡು ದಿನಕ್ಕೊಮ್ಮೆ ಬೆಳಿಗ್ಗೆ ಹತ್ತು ನಲವತ್ತಕ್ಕೆ ನಮ್ಮ ಮೇಲೆ ಹಾದುಹೋಗುತ್ತೀರಿ. ಚಹಾ ಕೇಳುವುದಿಲ್ಲ, ಒದೆಯುವುದಿಲ್ಲ, ಕೋಸೋ ಬದನೆಯೋ ಎಂದು ವಿಚಾರಿಸುವುದಿಲ್ಲ. ಹಸಿರು ಕಂಡರೆ ಹೊಲ, ಕಾಣದಿದ್ದರೆ ಅಲ್ಲ. ಇಷ್ಟು ಸ್ಪಷ್ಟವಾದ ತತ್ವಜ್ಞಾನ ಋಷಿಮುನಿಗಳಿಗೂ ಸಿಕ್ಕಿರಲಿಕ್ಕಿಲ್ಲ.

ಬಿಡುವಿನ ಕಾಲ ಶುರುವಾದ ನಾಲ್ಕನೆಯ ವಾರದಲ್ಲಿ ತಾವು ನಮ್ಮ ದೋಣಿಯನ್ನು ನೋಡಿದಿರಿ. ಮುಂದಿನ ವಾರ ಕಚೇರಿಯಿಂದ ಕಾಗದ ಬಂತು. ಏಳನೆಯ ಗೂಟದಲ್ಲಿ ದೋಣಿಯಿಲ್ಲ, ಎಕರೆಯಲ್ಲಿ ಸಾವಿರಕ್ಕೆ ಮೂರು ಪಾಲು ವಿಸ್ತೀರ್ಣದ ಹೊಲವಿದೆ, ಬೆಳೆ ಉತ್ತಮವಾಗಿದೆ, ನನ್ನನ್ನು ಸಣ್ಣ ರೈತನೆಂದು ನೋಂದಾಯಿಸಲಾಗಿದೆ ಎಂದು ಅದರಲ್ಲಿತ್ತು. ಸಣ್ಣ ರೈತ! ಇಷ್ಟು ಸಣ್ಣವನನ್ನು ಇಲಾಖೆ ಹಿಂದೆಂದೂ ಕಂಡಿರಲಾರದು. ಬೆಳೆ ಸಹಾಯಧನವೂ ಮಂಜೂರಾಗಿತ್ತು. ಮೊದಲನೆಯ ಲೋಟ ಚಹಾಕ್ಕೆ ಸಾಲುವಷ್ಟು, ಎರಡನೆಯದಕ್ಕೆ ಸಾಲದಷ್ಟು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ನಾನು ನೋಡಿದ ಹಾಗೆ, ತೇಲುತ್ತಿದ್ದವನನ್ನು ಹುಲ್ಲುಕಡ್ಡಿಯೇ ಮುಳುಗಿಸಿದ್ದು ಇದೇ ಮೊದಲು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು, ಏಕೆಂದರೆ ತಮ್ಮ ಎದುರು ಮುಚ್ಚಿಡಲು ನನ್ನ ತಲೆಯ ಮೇಲೆ ಕೂದಲು ಕೂಡ ಇಲ್ಲ. ಆ ಕಾಗದ ಬಂದಾಗ ನಾನು ಅದರ ಮುಂಬದಿಯನ್ನು ಮಾತ್ರ ಓದಿದೆ. ಓದಿ, ಹೊಟ್ಟೆ ಹಿಡಿದು ನಕ್ಕು, ದಡದ ಹತ್ತೂ ದೋಣಿಯವರಿಗೆ ತೋರಿಸಿ, "ಇವತ್ತಿಂದ ನನ್ನ ಸಾಹುಕಾರ ಅನ್ನಿ, ಜಮೀನ್ದಾರ ಅನ್ನಿ" ಎಂದು ಕುಣಿದೆ. ಮಗಳಿಗೆ ತೋರಿಸಲಿಲ್ಲ, ಅವಳು ಬಲೆ ಹೆಣೆಯುತ್ತ ಕೂತಾಗ ತಮಾಷೆ ಹೇಳಿದರೆ ಲೆಕ್ಕ ತಪ್ಪುತ್ತದೆ ಎಂದು ಬೈಯುತ್ತಾಳೆ. ಜೇಬಿಗೆ ಸೇರಿಸಿಕೊಂಡು ನನ್ನ ತರಲೆಗೆ ಇಳಿದೆ.

ಮೊದಲು ಕಚೇರಿಗೆ ಬೆದರುಬೊಂಬೆಯ ಸಹಾಯಧನ ಕೇಳಿ ಬರೆದೆ: ನನ್ನ ಹೊಲಕ್ಕೆ ಕೊಕ್ಕರೆ, ನೀರುಕಾಗೆ, ಆಗಾಗ ಒಂದು ಆಮೆ ಬರುತ್ತವೆ, ಅವನ್ನು ಹೆದರಿಸಲು ಈಜು ಬಲ್ಲ ಬೆದರುಬೊಂಬೆಯೇ ಬೇಕು ಎಂದು. ಉತ್ತರವಿಲ್ಲ. ಮುಂದಿನ ಸಲ ತಾವು ಬರುವ ದಿನ ಕಣ್ಣಾಮುಚ್ಚಾಲೆ ಆಡೋಣವೆನ್ನಿಸಿ, ಪಕ್ಕದ ದೋಣಿಯವನ ಕೈಯಲ್ಲಿ ನಮ್ಮ ದೋಣಿಯನ್ನು ಸಸಿಗಳ ಸಮೇತ ದೊಡ್ಡ ಮರದ ನೆರಳಿಗೆ ಎಳೆಸಿದೆ. ವಾರದಲ್ಲಿ ನೋಟಿಸು: ಪೂರ್ವಾನುಮತಿಯಿಲ್ಲದೆ ಹೊಲವನ್ನು ಕಣ್ಮರೆ ಮಾಡಿದ್ದೇಕೆಂದು ವಿವರಣೆ ಕೊಡುವುದು. ನನಗೆ ಆದ ಸಂತೋಷ ಹೇಳತೀರದು. ಆ ಸಂತೋಷದಲ್ಲೇ ಇನ್ನೊಂದು ಅರ್ಜಿ ಗೀಚಿದೆ: ನನ್ನ ಹೊಲಕ್ಕೆ ಒಂದು ಬಾವಿ ತೋಡಿಸಲು ಅನುದಾನ ಬೇಕು, ಈ ಜಮೀನಿನಲ್ಲಿ ಅಂತರ್ಜಲ ಎಷ್ಟು ಮೇಲಿದೆಯೆಂದರೆ ಒಂದಡಿ ತೋಡಿದರೆ ಸಾಕು, ಇಡೀ ಹೊಳೆಯೇ ಒಳಗೆ ಬರುತ್ತದೆ ಎಂದು ನಿಜವನ್ನೇ ಬರೆದೆ.

ಈ ನಡುವೆ ಮೊದಲ ಸಸಿಗಳನ್ನು ರೈತರು ಒಯ್ದರು. ನಾಲ್ಕು ದಿನ ದೋಣಿ ಬೋಳಾಗಿತ್ತು. ಆ ನಾಲ್ಕು ದಿನ ತಾವು ಬೇರೆ ಯಾರದೋ ತಲೆಯ ಮೇಲಿದ್ದಿರಿ. ಮನೆಯಾಕೆ ಎರಡನೆಯ ಸಲ ಬಿತ್ತಿದಳು, ಸಸಿ ಎರಡೆಲೆ ಬಿಟ್ಟಿತು, ಅಷ್ಟರಲ್ಲಿ ಹೊಳೆ ಉಕ್ಕಿ, ಹಗ್ಗ ಸಡಿಲಗೊಂಡು, ದೋಣಿ ತೇಲಿ ಹೋಗಿ ಲಾಂಚು ನಿಲ್ಲುವ ಸರ್ಕಾರಿ ಕಟ್ಟೆಗೆ ಒರಗಿ ನಿಂತಿತು. ನಾವು ನೋಡಿ ಎಳೆದು ತರುವಷ್ಟರಲ್ಲಿ ಗಂಟೆ ಹನ್ನೊಂದಾಗಿತ್ತು. ಹತ್ತು ನಲವತ್ತಕ್ಕೆ ತಾವು ಬಂದು ಹೋಗಿದ್ದಿರಿ. ಈ ಸಲದ ನೋಟಿಸಿನಲ್ಲಿ ನನ್ನ ಹೊಲ ಸರ್ಕಾರಿ ಕಟ್ಟೆಯನ್ನು ಹದಿನಾಲ್ಕು ಮೀಟರು ಒತ್ತುವರಿ ಮಾಡಿದೆ ಎಂದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಕೇಳಿದ್ದೆವು. ಹೊಲವೇ ಎದ್ದು ಸರ್ಕಾರವನ್ನು ಮೇಯಲು ಹೊರಟದ್ದನ್ನು ಕಂಡುಹಿಡಿದ ಕೀರ್ತಿ ತಮ್ಮದು. ಎರಡು ಸಲ ಜಾಗ ಬದಲಿಸಿದ ಹೊಲ ಹೊಲವೇ ಹೌದೋ ಅಲ್ಲವೋ ಎಂಬ ಸಣ್ಣ ಸಂಶಯವೂ ತಮ್ಮನ್ನು ಕಾಡದಿದ್ದುದು ತಮ್ಮ ಮನಸ್ಸಿನ ಸ್ಥಿರತೆಗೆ ಸಾಕ್ಷಿ. ದಿನಕ್ಕೆ ಹತ್ತಾರು ಸಲ ಲೋಕ ಸುತ್ತುವವರಿಗೆ ಇಂಥ ಸ್ಥಿರತೆ ಸುಲಭವಲ್ಲ.

ಆ ನೋಟಿಸು ಮಗಳ ಕೈಗೆ ಸಿಕ್ಕಿತು. ಅವಳು ನನ್ನ ಜೇಬು ತಡಕಿ ಹಳೆಯ ಎರಡನ್ನೂ ತೆಗೆದಳು. ಮೊದಲನೆಯದನ್ನು ಓದಿದಳು. ಆಮೇಲೆ, ನಾನು ಎಪ್ಪತ್ತನಾಲ್ಕು ವರ್ಷದಲ್ಲಿ ಕಲಿಯದ ಒಂದು ಕೆಲಸ ಮಾಡಿದಳು: ಕಾಗದವನ್ನು ತಿರುಗಿಸಿದಳು. ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಮೀನುಗಾರಿಕೆ ಶುರುವಾಗುವ ದಿನವೂ ಏಳನೆಯ ಗೂಟದಲ್ಲಿ ಹೊಲವೇ ಇದ್ದಲ್ಲಿ ದೋಣಿಯ ಪರವಾನಗಿ ರದ್ದಾಗುವುದು, ಗೂಟವನ್ನು ಪಟ್ಟಿಯ ಮುಂದಿನವರಿಗೆ ಕೊಡಲಾಗುವುದು ಎಂದು ಬರೆದಿತ್ತು.

ನಾವಿಬ್ಬರೂ ಕಚೇರಿಗೆ ಹೋದೆವು. ಅಲ್ಲಿ ಎಡಕ್ಕೆ ಕೃಷಿಯ ಕಿಟಕಿ, ಬಲಕ್ಕೆ ಮೀನುಗಾರಿಕೆಯ ಕಿಟಕಿ, ಎರಡರ ಹಿಂದೆಯೂ ದಪ್ಪ ಕನ್ನಡಕದ ಒಬ್ಬರೇ ಮೇಡಂ, ಅವರ ಕೆಳಗೆ ಗಾಲಿಯಿರುವ ಒಂದೇ ಕುರ್ಚಿ. ಮೀನಿನ ಕಿಟಕಿಯಲ್ಲಿ ಕಾಗದ ನೋಡಿ, "ತಾತ, ಇದು ಹೊಲದ್ದು, ಆ ಕಡೆ ಬನ್ನಿ" ಎಂದರು. ನಾವು ಆರು ಹೆಜ್ಜೆ ನಡೆದು ಹೋದೆವು, ಅವರು ಕಾಲಿನಿಂದ ನೆಲ ಒದ್ದು ಉರುಳಿಕೊಂಡು ಅಲ್ಲಿಗೇ ಬಂದು, ನಮ್ಮನ್ನು ಮೊದಲ ಸಲ ನೋಡುತ್ತಿರುವಂತೆ "ಏನಾಗ್ಬೇಕಿತ್ತು?" ಎಂದು ಕೇಳಿದರು. ಮಗಳು, "ನಮ್ದು ದೋಣಿ ಮೇಡಂ, ಹೊಲ ಅಲ್ಲ" ಎಂದಳು. "ದೋಣಿ ಅಂದ್ರೆ ಆ ಕಿಟಕಿ ಕಣಮ್ಮ" ಎಂದು ಮೇಡಂ ಮತ್ತೆ ಉರುಳಿದರು. ಕೆಲಸ ಮುಂದೂಡುವವರನ್ನು ಮೀನ ಮೇಷ ಎಣಿಸುವವರು ಎನ್ನುತ್ತಾರೆ. ಇವರು ಪಾಪ, ಮೀನಕ್ಕೂ ಮೇಷಕ್ಕೂ ಒಬ್ಬರೇ ಆಗಿ ಇಡೀ ದಿನ ಉರುಳುತ್ತಿದ್ದಾರೆ. ನಾಲ್ಕನೆಯ ಸಲ ಅವರೇ ಸುಸ್ತಾಗಿ ಎರಡು ಕಿಟಕಿಯ ಮಧ್ಯದ ಗೋಡೆಯ ಹಿಂದೆ ನಿಂತುಬಿಟ್ಟರು. ಅಲ್ಲಿಂದ ದನಿ ಮಾತ್ರ ಕೇಳಿಸಿತು: "ನಾನೇನ್ ಮಾಡ್ಲಿ ತಾತ, ಇದೆಲ್ಲ ಮೇಲಿಂದ ಬಂದಿರೋದು." "ಎಷ್ಟು ಮೇಲಿಂದ ತಾಯಿ?" "ಐನೂರು ಕಿಲೋಮೀಟರ್ ಅಂತೆ."

ಗೋಡೆಗೆ ಮುಖ ಮಾಡಿ ಮಗಳು ಕೇಳಿದಳು, "ಹಾಗಾದ್ರೆ ದಾರಿನೇ ಇಲ್ವಾ ಮೇಡಂ?" ಗೋಡೆ ದನಿ ತಗ್ಗಿಸಿ ಹೇಳಿತು: "ಮೇಲಿಂದ ಬೆಳೆ ಇದೆ ಅಂತ ಬಂದ್ರೆ ನಾನು ಮುಟ್ಟೋ ಹಾಗಿಲ್ಲ. ಆ ಜಾಗದಲ್ಲಿ ಬೆಳೆ ಇಲ್ಲ ಅಂತ ಬಂದ್ರೆ ಮಾತ್ರ ನಾನೇ ಬಂದು ಕಣ್ಣಾರೆ ನೋಡಿ ಬರೀಬಹುದು. ಶನಿವಾರ ಮೀನುಗಾರಿಕೆ ಶುರು. ಅದಕ್ಕೆ ಮುಂಚೆ ಅದು ಇನ್ನೊಂದೇ ಸಲ ಬರೋದು, ಗುರುವಾರ." ಹೊರಡುವಾಗ ಕೃಷಿಯ ಕಿಟಕಿಯಿಂದ ಕೈಯೊಂದು ಹೊರಬಂದು ಇನ್ನೊಂದು ಕಾಗದ ಕೊಟ್ಟಿತು. "ಅಂದ ಹಾಗೆ, ನಿಮ್ಮ ಬಾವಿ ಮಂಜೂರಾಗಿದೆ."

ಮಾನ್ಯರೇ, ಹೌದು. ನನ್ನ ದೋಣಿಯಲ್ಲಿ ಬಾವಿ ತೋಡುವುದಕ್ಕೆ ಅನುದಾನ ಮಂಜೂರಾಗಿದೆ. ಆ ಜಾಗದಲ್ಲಿ ನೀರಿನ ಅಂಶ ಅತ್ಯುತ್ತಮ ಎಂದು ತಾವೇ ಶಿಫಾರಸು ಮಾಡಿದ್ದೀರಂತೆ. ಅರವತ್ತು ದಿನದಲ್ಲಿ ತೋಡಿ ತೋರಿಸಬೇಕು, ತಪ್ಪಿದರೆ ದಂಡ. ತೋಡಿದರೆ ದೋಣಿ ಮುಳುಗುತ್ತದೆ, ತೋಡದಿದ್ದರೆ ನಾನು. ಕಾಗದದ ಕೆಳಗೆ, ಸದರಿ ಹೊಲದ ಮಾಲೀಕರು ತಾನು ರೈತನೆಂದು ಸ್ವತಃ ಬರೆದುಕೊಟ್ಟಿರುತ್ತಾರೆ ಎಂದು ಒಂದು ಸಾಲೂ ಇತ್ತು. ಅದು ನನ್ನದೇ ಕೈಬರಹದ ಸಾಕ್ಷಿ.

ಮನೆಯವರೆಗೂ ಮಗಳು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದು ಬಂದಳು. ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು. "ಅಪ್ಪ, ಊರನ್ನೆಲ್ಲ ನಗಿಸ್ದೆ ನೀನು. ನಂಗೆ ನಗು ಬರ್ತಿಲ್ಲ. ಒಂಬತ್ತು ವರ್ಷ ಆಯ್ತು ಆ ಹುಟ್ಟು ಹಿಡ್ದು. ಹೊಳೆ ಎಲ್ಲಿ ಆಳ, ಎಲ್ಲಿ ಬಂಡೆ, ಎಲ್ಲಿ ಸುಳಿ, ಎಲ್ಲಾ ಗೊತ್ತು ನಂಗೆ. ಹೊಳೆಗೂ ನಾನು ಗೊತ್ತು. ಕಾಗದದಲ್ಲಿ ಮಾತ್ರ ನಾನಿಲ್ಲ. ಇದ್ದದ್ದು ಒಂದು ಗೂಟ, ಅದನ್ನೂ ತಮಾಷೆ ಮಾಡ್ಬಿಟ್ಟೆ."

ಆ ಮಾತು ಕೇಳಿ, ಬಾವಿಯ ಕಾಗದವನ್ನು ದಡದ ಯಾರಿಗೂ ತೋರಿಸದೆ ಮಡಿಚಿಟ್ಟೆ. ನನ್ನನ್ನು ಬಲ್ಲವರಿಗೆ ಇದು ಹೊಳೆ ಹಿಂದಕ್ಕೆ ಹರಿದಷ್ಟೇ ಆಶ್ಚರ್ಯ.

ಸಸಿಗಳನ್ನು ಕಿತ್ತುಬಿಡೋಣ ಎಂದು ನಾನೇ ಹೇಳಿದೆ. ಒಲೆಯ ಮುಂದಿದ್ದ ಮನೆಯಾಕೆ ಸೌಟು ಹಿಡಿದುಕೊಂಡೇ ಬಂದಳು. "ರೀ, ಇಪ್ಪತ್ತು ದಿನ ತುಂಬದೆ ಬೇರು ಅಲುಗಾಡ್ಸಿದ್ರೆ ಸಸಿ ಸಾಯ್ತವೆ. ಸಸಿ ಕಿತ್ರೆ ನಿಮ್ಮ ಕೂದಲೂ ಕೀಳ್ತೀನಿ." "ಇರೋದು ನಾಲ್ಕೇ ಕಣೇ." "ನಾಲ್ಕೂ ಕೀಳ್ತೀನಿ. ಆರು ಮನೆಯವರಿಗೆ ಏನ್ ಹೇಳೋದು? ಈ ವರ್ಷ ಹೊಲ ಬೀಳು ಬಿಡಿ, ನಮ್ಮ ಯಜಮಾನ್ರು ಆಕಾಶದ ಜೊತೆ ಆಟ ಆಡ್ತಿದ್ರು ಅಂತಲಾ?" ಅಷ್ಟರಲ್ಲಿ ಅವಳ ಕಣ್ಣು ಬಾಗಿಲಲ್ಲಿ ನಿಂತ ಮಗಳ ಮುಖದ ಮೇಲೆ ಬಿತ್ತು. ಬೀಜ ಬಿತ್ತಿದವಳೇ ಬೆರಳು ಮಡಿಚಿ ದಿನ ಲೆಕ್ಕ ಹಾಕಿದಳು. ಬುಧವಾರಕ್ಕೆ ಬಿತ್ತಿ ಹತ್ತೊಂಬತ್ತು ದಿನ. ಸೌಟನ್ನು ಮಗಳ ಕೈಗೆ ಕೊಟ್ಟು, "ಒಂದು ದಿನ ತಾನೆ, ಮಣ್ಣು ಸಮೇತ ಎತ್ತಿದ್ರೆ ಬದುಕ್ತವೆ. ಬದುಕಿಸ್ತೀನಿ. ಬುಧವಾರ ಎಲ್ರೂ ಬಕೀಟು ತಗೊಂಡ್ ಬನ್ನಿ" ಎಂದಳು.

ಇಂದು ಬುಧವಾರ. ಬೆಳಿಗ್ಗೆಯಿಂದ ಸಸಿಗಳನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ ಮನೆಗೆ ಸಾಗಿಸುತ್ತಿದ್ದೇವೆ. ಆರು ಮನೆಯ ರೈತರೂ ಬಂದಿದ್ದಾರೆ. ಅವರ ಹೊಲಗಳಲ್ಲಿ ಇನ್ನೂ ಮೊಣಕಾಲು ನೀರು ನಿಂತಿರುವುದರಿಂದ ಸಸಿಗೆ ನಮ್ಮ ಮನೆಯೇ ಗತಿ. ಬಕೀಟು, ಪಾತ್ರೆ, ಹಳೆಯ ಪೆಟ್ಟಿಗೆಯ ಮುಚ್ಚಳ, ಸ್ನಾನದ ಹಂಡೆ ಎಲ್ಲದರಲ್ಲೂ ಬದನೆ ಎದ್ದು ನಿಂತಿದೆ. ನನ್ನ ಒಂದು ಜೊತೆ ಬೂಟಿನಲ್ಲಿ ಎಡಕ್ಕೆ ಕೋಸು, ಬಲಕ್ಕೆ ಮೆಣಸು. ಒಳಗೆ ಜಾಗ ಸಾಲದೆ ಉಳಿದದ್ದೆಲ್ಲ ತಾರಸಿಯ ಮೇಲೆ ಸಾಲಾಗಿ ಕೂತಿದೆ. ಮಗಳು ದೋಣಿಯ ತಳವನ್ನು ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಿದ್ದಾಳೆ. ಮರದ ಗೆರೆಗಳು ಹೊಸದಾಗಿ ಕೆತ್ತಿದಂತೆ ಎದ್ದು ಕಾಣುತ್ತಿವೆ. ನಾಳೆ ಹತ್ತು ಗಂಟೆಗೇ ಹುಟ್ಟು ಹಿಡಿದು ಅದರ ನಡುವೆ ಕೂತಿರುತ್ತೇನೆ ಎಂದಿದ್ದಾಳೆ. ಹಸಿರು ಬಟ್ಟೆ ಉಡಬೇಡ ಎಂದು ನಾನು ಹೇಳಿದೆ. ಅದು ತಮಾಷೆಯಲ್ಲ, ಭಯ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಏನೆಂದರೆ, ನಾಳೆ ಬೆಳಿಗ್ಗೆ ಹತ್ತು ನಲವತ್ತಕ್ಕೆ ದಯಮಾಡಿ ಸ್ವಲ್ಪ ಕೆಳಗೆ ಬನ್ನಿ. ಐನೂರು ಕಿಲೋಮೀಟರು ಇಳಿಯಲಾಗದಿದ್ದರೆ ನಾನೂರ ತೊಂಬತ್ತೊಂಬತ್ತು ಇಳಿದರೂ ಸಾಕು, ಉಳಿದದ್ದನ್ನು ನಾನು ಏಣಿ ಹಾಕಿ ಸರಿದೂಗಿಸುತ್ತೇನೆ. ಮೋಡವೇನಾದರೂ ಅಡ್ಡ ಬಂದರೆ ಬಾಗಿ ನೋಡಿ, ಇಲ್ಲವೇ ಒಂದರ್ಧ ತಾಸು ನಿಂತು ಕಾಯಿರಿ. ನಾವು ಕಚೇರಿಯ ಮುಂದೆ ಎಷ್ಟು ಸಲ ಕಾದಿದ್ದೇವೆ ಎಂಬುದನ್ನು ತಾವೇ ಮೇಲಿನಿಂದ ಕಂಡಿದ್ದೀರಿ. ಸಾಧ್ಯವಾದರೆ ಎರಡು ಒದೆ ಕೊಡಿ. "ಡುಂ" ಎನ್ನದಿದ್ದರೆ ನನ್ನನ್ನು ಕೇಳಿ. ಕಚೇರಿಗೆ ಬೆದರುಬೊಂಬೆ ಕೇಳಿದ್ದು, ತಮ್ಮ ಎದುರು ಕಣ್ಣಾಮುಚ್ಚಾಲೆ ಆಡಿದ್ದು, ಬಾವಿ ಕೇಳಿದ್ದು ಮೂರಕ್ಕೂ ಕ್ಷಮೆ ಕೇಳುತ್ತೇನೆ. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ; ನಾನು ನೋಡಲು ಸಿಗುವುದು ಸುಲಭ, ಮೇಲಿನಿಂದ ಹೊಳೆಯುವ ಬೋಳುತಲೆ ನನ್ನದೇ. ಗೂಟ ಮಾತ್ರ ನನ್ನ ಮಗಳದು. ಇಷ್ಟು ಸಾಲುಗಳಲ್ಲಿ ಹುಡುಕಿದರೂ ತಮಾಷೆ ಸಿಗದ ಸಾಲು ಇದೊಂದೇ. ದಯವಿಟ್ಟು ಇದನ್ನು ಬಿಟ್ಟು ಓದಬೇಡಿ.

ಕೆಳಗಿನಿಂದ, ಕತ್ತು ಉಳುಕಿದ ಸ್ಥಿತಿಯಲ್ಲಿ,
ತಮ್ಮ ವಿಶ್ವಾಸಿ,
ಏಳನೆಯ ಗೂಟದ ತರಲೆ ತಾತ

ಮರೆತ ಮಾತು: ಇದನ್ನು ಶನಿವಾರ ಸೇರಿಸುತ್ತಿದ್ದೇನೆ. ಗುರುವಾರ ಮೋಡವಿರಲಿಲ್ಲ. ತಾವು ಬಂದಿರಿ, ನೋಡಿದಿರಿ. ಏಳನೆಯ ಗೂಟದಲ್ಲಿ ಬೆಳೆಯಿಲ್ಲ ಎಂದು ಬರೆದುಕೊಂಡಿರಿ. ಶುಕ್ರವಾರ ಬೆಳಿಗ್ಗೆ ಕಿಟಕಿಯ ಮೇಡಂ ಕುರ್ಚಿಯನ್ನು ಅಲ್ಲೇ ಬಿಟ್ಟು ಎರಡೂ ಕಾಲಿನಲ್ಲಿ ನಡೆದುಕೊಂಡು ದಡಕ್ಕೆ ಬಂದರು, ದೋಣಿಗೆ ಎರಡು ಒದೆ ಕೊಟ್ಟರು, ಎರಡನೆಯದಕ್ಕೆ ಅವರ ಹೆಬ್ಬೆರಳು ಊದಿತು. "ಡುಂ ಅಂತು ತಾತ, ದೋಣಿನೇ" ಎಂದು ಕುಂಟುತ್ತ ಬರೆದುಕೊಂಡರು. ಇವತ್ತು ಬೆಳಿಗ್ಗೆ ಮಗಳು ತನ್ನ ಹೆಸರಿನ ಗೂಟದಿಂದ ತಾನೇ ಹಗ್ಗ ಬಿಚ್ಚಿಕೊಂಡು ಹೋದಳು. ಹೋಗುವಾಗ ತಿರುಗಿ ನೋಡಿ ನಕ್ಕಳು, ತಾವು ನೋಡಿರಲಿಕ್ಕಿಲ್ಲ, ಇನ್ನೂ ಹತ್ತು ದಿನ ತಮ್ಮ ಸರದಿಯಿಲ್ಲ. ಆದರೆ ಗುರುವಾರ ಹೋಗುವಾಗ ತಾವು ನಮ್ಮ ತಾರಸಿಯನ್ನೂ ನೋಡಿಕೊಂಡು ಹೋದಿರಲ್ಲ, ಅದರ ಕಾಗದವೂ ಈಗ ಬಂದಿದೆ: ನನ್ನ ಹೊಲ ನನ್ನ ಮನೆಗೆ ಸ್ಥಳಾಂತರಗೊಂಡಿದೆ, ಹೊಲದೊಳಗೆ ಅನುಮತಿಯಿಲ್ಲದೆ ವಾಸ ಮಾಡುತ್ತಿರುವುದೇಕೆಂದು ವಿವರಣೆ ಕೊಡಬೇಕು, ಮಂಜೂರಾದ ಬಾವಿಯನ್ನು ಈ ಹೊಸ ಜಾಗದಲ್ಲೇ ತೋಡಬೇಕು. ಈ ಸಲ ನಾನು ಎರಡೂ ಬದಿ ಓದಿದ್ದೇನೆ. ಮನೆಯಾಕೆ ಅದನ್ನು ನನ್ನಿಂದ ಎರಡು ಸಲ ಓದಿಸಿ, "ರೀ, ಮದುವೆಯಾದಾಗಿಂದ ಕೇಳ್ತಿದೀನಿ, ಮನೆ ಹತ್ರ ಒಂದು ಬಾವಿ ತೋಡ್ಸಿ ಅಂತ. ನನ್ನ ಮಾತು ಕೇಳ್ಸೋಕೆ ಆಕಾಶದಿಂದಲೇ ಹೇಳಿಸ್ಬೇಕಾಯ್ತು. ಏಳಿ, ಗುದ್ದಲಿ ತಗೊಳ್ಳಿ" ಎಂದಿದ್ದಾಳೆ. ಆದ್ದರಿಂದ ದಯವಿಟ್ಟು ಈ ತಪ್ಪನ್ನು ಮಾತ್ರ ತಿದ್ದಬೇಡಿ. ಬಾವಿಯ ತಳದಿಂದ ಮೇಲೆ ನೋಡಿದರೆ ಹಾಡುಹಗಲಲ್ಲೂ ಆಕಾಶದಲ್ಲಿರುವವರು ಕಾಣುತ್ತಾರಂತೆ. ತಾವು ಕಂಡರೆ ಕೈ ಬೀಸುತ್ತೇನೆ. ಅದನ್ನು ಬೆಳೆ ಎಂದು ಬರೆದುಕೊಳ್ಳಬೇಡಿ.